ಪದಬಂಧವನ್ನು ಬಾಲದಿಂದ ಹಿಡಿಯುವುದು

ಕಳೆದ ಭಾನುವಾರದ ಪದಬಂಧದಲ್ಲಿ ‘ಕರ್ಣ’ ಎಂದಷ್ಟೇ ಒಂದು ಸುಳಿವಿತ್ತು. ಮನೆಗಳು ಮೂರು. ಮೇಲಿನಿಂದ ಇಳಿದು ಬಂದಿದ್ದ ಇನ್ನೊಂದು ಪದದ ದೆಸೆಯಿಂದ ಕೊನೆಯ ಮನೆಯಲ್ಲಿ ‘ಯ’ ಕೂತಾಗಿತ್ತು. ನಮ್ಮ ಮನೆಯಲ್ಲಿ ಪದಬಂಧಕ್ಕೆ ಇಬ್ಬರು ಪಾಲುದಾರರು, ನಾನು ಮತ್ತು ನನ್ನ ಸೋದರತ್ತೆ. ಅತ್ತೆ ಕಾಫಿ ಲೋಟ ಕೆಳಗಿಡದೆಯೇ ಪೆನ್ನಿನಲ್ಲಿ ‘ರಾಧೇಯ’ ಎಂದು ಬರೆದುಬಿಟ್ಟರು. “ಕೌಂತೇಯನೂ ಆಗಬಹುದಲ್ಲ, ಅತ್ತೆ” ಎಂದೆ. “ಕರ್ಣನನ್ನು ಯಾರಾದರೂ ಕೌಂತೇಯ ಎನ್ನುತ್ತಾರೇನೋ” ಎಂದು ಗದರಿಸಿದರು. ಮೊದಲ ಮನೆಯಿಂದ ಕೆಳಕ್ಕೆ ಇಳಿಯಬೇಕಿದ್ದ ಋಷಿಯ ಹೆಸರು ಕೌಂಡಿನ್ಯ ಎಂದು ಹೊಳೆಯುವ ಹೊತ್ತಿಗೆ ಶಾಯಿ ಒಣಗಿತ್ತು. ಕೆರೆಯಲು ಬ್ಲೇಡು ಹುಡುಕಬೇಕಾಯಿತು.

ಆ ಹೊತ್ತಿನಲ್ಲಿ ನಿಜಕ್ಕೂ ಖಚಿತವಾಗಿದ್ದುದು ಎರಡೇ ಸಂಗತಿ. ಎರಡನೆಯ ಮನೆಯ ಅಕ್ಷರಕ್ಕೆ ಏತ್ವ ದೀರ್ಘ ಇರುತ್ತದೆ. ಮೊದಲನೆಯ ಮನೆಯ ಅಕ್ಷರಕ್ಕೆ ದೀರ್ಘ ‘ಆ’, ಇಲ್ಲವೇ ‘ಐ’, ಇಲ್ಲವೇ ‘ಔ’ ಇರುತ್ತದೆ. ಇಷ್ಟನ್ನು ಕರ್ಣನ ಕಥೆ ಗೊತ್ತಿಲ್ಲದವರೂ ಹೇಳಬಹುದಿತ್ತು. ಹೇಳಿದ್ದು ‘ಏಯ’ ಎಂಬ ಪ್ರತ್ಯಯ, ಅಂದರೆ ಪದದ ಬಾಲ. ಪ್ರತ್ಯಯ ಕೂರುವುದು ಪದದ ಕೊನೆಯಲ್ಲಾದರೂ ಅದರ ಕೈ ಕೆಲವೊಮ್ಮೆ ಮೊದಲ ಅಕ್ಷರದವರೆಗೂ ಚಾಚುತ್ತದೆ. ಎಷ್ಟು ದೂರ ಚಾಚುತ್ತದೆ ಎಂಬುದು ಅದು ಯಾವ ಊರಿಂದ ಬಂದದ್ದು ಎಂಬುದರ ಮೇಲೆ ನಿಂತಿದೆ: ಅಚ್ಚಗನ್ನಡದ್ದೋ, ಸಂಸ್ಕೃತದ್ದೋ, ಪಾರಸಿಯದ್ದೋ. ಪದಬಂಧ ಬಿಡಿಸುವಾಗ ನಾನು ಅನುಸರಿಸುವ ಕ್ರಮವನ್ನು ಕೆಳಗೆ ಒಂದೊಂದು ಹೆಜ್ಜೆಯಾಗಿ ಹೇಳುತ್ತೇನೆ.

ಮೊದಲ ಹೆಜ್ಜೆ: ಮನೆ ಎಣಿಸಿ, ಬಾಲ ಆರಿಸಿ

ಕನ್ನಡ ಪದಬಂಧದಲ್ಲಿ ಒಂದು ಮನೆಗೆ ಒಂದು ಅಕ್ಷರ. ಒತ್ತಕ್ಷರ ಎಷ್ಟೇ ಭಾರವಾಗಿದ್ದರೂ ಅದಕ್ಕೆ ಒಂದೇ ಮನೆ. ಸೊನ್ನೆ ತನ್ನ ಹಿಂದಿನ ಅಕ್ಷರದ ಜೊತೆಗೇ ಇರುತ್ತದೆ. ಇದು ಎಲ್ಲರಿಗೂ ಗೊತ್ತು. ಆದರೆ ಒಂದೇ ಅರ್ಥದ ಪ್ರತ್ಯಯಗಳು ಬೇರೆ ಬೇರೆ ಅಳತೆಯಲ್ಲಿ ಸಿಗುತ್ತವೆ ಎಂಬುದನ್ನು ನಾವು ಮರೆಯುತ್ತೇವೆ.

‘ಮೂರ್ಖ’ನನ್ನು ತೆಗೆದುಕೊಳ್ಳಿ. ಅವನ ಗುಣಕ್ಕೆ ಮೂರ್ಖತನ ಎಂದರೆ ನಾಲ್ಕು ಮನೆ. ಮೂರ್ಖತ್ವ, ಮೂರ್ಖತೆ ಎಂದರೆ ಮೂರು. ಮೌರ್ಖ್ಯ ಎಂದರೆ ಎರಡೇ. ಸುಳಿವು ಒಂದೇ, ಉತ್ತರ ನಾಲ್ಕು; ತೀರ್ಪು ಕೊಡುವುದು ಮನೆಗಳ ಸಂಖ್ಯೆ. ಮೂರು ಮನೆಯಾದಾಗ ಮಾತ್ರ ‘ತ್ವ’ವೋ ‘ತೆ’ಯೋ ಎಂಬ ಅನುಮಾನ ಉಳಿಯುತ್ತದೆ. ಆಗ ಮೊದಲ ಎರಡು ಮನೆ ತುಂಬಿ ಮೂರನೆಯದನ್ನು ಬಿಟ್ಟುಬಿಡಿ. ತುಂಬಿದ ಎರಡೇ ಮುಂದಿನ ಕೆಲಸ ಮಾಡುತ್ತವೆ.

‘ತನ’ ಧಾರಾಳಿ. ಕಳ್ಳ, ಬಡ, ಒಂಟಿ ಎಂಬ ಮನೆಯ ಮಾತುಗಳಿಗೂ ಅಂಟುತ್ತದೆ, ಮೂರ್ಖ, ಧೂರ್ತ ಎಂಬ ಸಂಸ್ಕೃತದವುಗಳಿಗೂ ಅಂಟುತ್ತದೆ. ‘ತ್ವ’ ಮತ್ತು ‘ತೆ’ ಹಾಗಲ್ಲ, ಅವಕ್ಕೆ ಸಂಸ್ಕೃತದ ಪಂಕ್ತಿಯೇ ಬೇಕು. ದೊಡ್ಡತ್ವ, ಬಡತೆ ಎಂದು ಯಾರೂ ಬರೆಯುವುದಿಲ್ಲ. (ಕನ್ನಡತ್ವ ಎಂದು ಈಚೆಗೆ ಬರೆಯುತ್ತಾರೆ. ಅದೊಂದು ಹೊರತು.) ಇದರ ಉಪಯೋಗ ಹಿಮ್ಮುಖವಾಗಿದೆ: ಕೊನೆಯ ಮನೆಯಲ್ಲಿ ‘ತ್ವ’ ಬಂದಿದ್ದರೆ ಹಿಂದಿರುವ ಪದ ಸಂಸ್ಕೃತದ್ದು, ಆದ್ದರಿಂದ ಅಲ್ಲಿ ಮಹಾಪ್ರಾಣ, ಶ, ಷ, ಋ ಯಾವುದೂ ಬರಬಹುದು. ಕೊನೆಯಲ್ಲಿ ‘ತನ’ ಇದ್ದರೆ ಹಾಗೆ ಹೇಳಲಾಗದು.

ಎರಡನೆಯದು: ಸುಳಿವಿನ ಬಾಲವನ್ನೂ ಓದಿ

ಸುಳಿವು ಕೊಡುವವರು ಜಾಣರಾದರೂ ವ್ಯಾಕರಣಕ್ಕೆ ಅಧೀನರು. ‘ಮಾಡುವವನು’ ಎಂದು ಸುಳಿವು ಮುಗಿದರೆ ಉತ್ತರ ‘ಗಾರ’, ‘ಇಗ’, ‘ಕ’ಗಳಲ್ಲಿ ಮುಗಿಯುವ ಸಂಭವ ಹೆಚ್ಚು: ಬೇಟೆಗಾರ, ಗಾಣಿಗ, ಕುಡುಕ. ‘ಉಳ್ಳವನು’ ಎಂದರೆ ‘ವಂತ’ ಅಥವಾ ‘ದಾರ’. ಇವೆರಡರ ನಡುವೆಯೂ ಒಂದು ಗೆರೆ ಇದೆ. ಗುಣ, ಬುದ್ಧಿ, ನೀತಿ ಉಳ್ಳವನು ‘ವಂತ’. ಹಕ್ಕು, ಪಾಲು, ಖಾತೆ, ಷೇರು ಉಳ್ಳವನು ‘ದಾರ’. ಹೃದಯದಲ್ಲಿರುವ ಆಸ್ತಿಗೆ ಸಂಸ್ಕೃತ, ಕಚೇರಿಯ ಕಾಗದದಲ್ಲಿರುವ ಆಸ್ತಿಗೆ ಪಾರಸಿ ಎಂದು ನಾನು ನೆನಪಿಟ್ಟುಕೊಂಡಿದ್ದೇನೆ. ‘ಅರ್ಹವಾದ’, ‘ಯೋಗ್ಯವಾದ’ ಎಂಬ ಮಾತು ಸುಳಿವಿನಲ್ಲಿದ್ದರೆ ‘ಅನೀಯ’ ಅಥವಾ ‘ಯ’: ಪೂಜೆಗೆ ಅರ್ಹ ಎಂದರೆ ನಾಲ್ಕು ಮನೆಗೆ ಪೂಜನೀಯ, ಎರಡು ಮನೆಗೆ ಪೂಜ್ಯ.

ಸುಳಿವಿನಲ್ಲಿ ಹೆಣ್ಣು ಇದ್ದರೆ ಬಾಲ ಬದಲಾಗುತ್ತದೆ. ಹಾಡುಗಾರ ಹಾಡುಗಾರ್ತಿಯಾಗುತ್ತಾನೆ, ಮೋಸಗಾರ ಮೋಸಗಾತಿಯೂ ಆಗಬಹುದು. ಹೂವಾಡಿಗನಿಗೆ ಹೂವಾಡಗಿತ್ತಿ, ಕನ್ನಡಿಗನಿಗೆ ಕನ್ನಡತಿ, ಗೆಳೆಯನಿಗೆ ಗೆಳತಿ. ಲೇಖಕ, ಗಾಯಕ ಮೊದಲಾದವುಗಳಿಗೆ ಸಂಸ್ಕೃತದಲ್ಲಿ ಲೇಖಿಕಾ, ಗಾಯಿಕಾ ಎಂದಿದ್ದರೂ ಕನ್ನಡ ತನ್ನ ಪಾಡಿಗೆ ಲೇಖಕಿ, ಗಾಯಕಿ ಎಂದು ಮಾಡಿಕೊಂಡಿದೆ. ಪದಬಂಧದಲ್ಲಿ ಕನ್ನಡದ ರೂಪವನ್ನೇ ಮೊದಲು ಪರೀಕ್ಷಿಸಿ.

ಮೂರನೆಯದು: ಕನ್ನಡ ಧಾತುವಿಗೆ ಯಾವ ಬಾಲ

‘ಕುಣಿಯುವುದು (3)’, ‘ಓಡುವುದು (2)’ ಎಂಬಂಥ ಸುಳಿವುಗಳು ಸುಲಭ ಎನಿಸುತ್ತವೆ, ಅವಸರದಲ್ಲಿ ಕೈಕೊಡುತ್ತವೆ. ಇಲ್ಲಿ ಧಾತುವಿನ ಕೊನೆಯೇ ಬಾಲವನ್ನು ಆರಿಸುತ್ತದೆ. ‘ಇ’ ಅಥವಾ ‘ಎ’ಯಲ್ಲಿ ಮುಗಿಯುವ ಧಾತುಗಳು ಬಹುಮಟ್ಟಿಗೆ ‘ತ’ವನ್ನು ಹಿಡಿಯುತ್ತವೆ: ಕುಣಿತ, ಇರಿತ, ಕಡಿತ, ಮಿಡಿತ, ಹೊಡೆತ, ಸೆಳೆತ, ಕೊರೆತ. ದೀರ್ಘ ಸ್ವರದ ಮೇಲೆ ‘ಡು’ ಇರುವ ಚಿಕ್ಕ ಧಾತುಗಳಲ್ಲಿ ‘ಡು’ ಹೋಗಿ ‘ಟ’ ಬರುತ್ತದೆ: ಆಡು ಆಟ, ಓಡು ಓಟ, ನೋಡು ನೋಟ, ಕೂಡು ಕೂಟ, ಕಾಡು ಕಾಟ. ಮಾಡು ಮಾಟ ಕೂಡ ಇದೇ ಸಾಲಿನದು, ಅರ್ಥ ಮಾತ್ರ ಮಂತ್ರವಾದಿಯ ಕಡೆಗೆ ಹೊರಳಿದೆ. ‘ಕೆ’, ‘ಗೆ’ ಅಂಟುವವು ನಂಬಿಕೆ, ಬೇಡಿಕೆ, ಹೊಲಿಗೆ, ಉಡುಗೆ, ಕೊಡುಗೆ. ‘ವು’ ಅಂಟುವವು ಅರಿವು, ಮರೆವು, ಸಾವು, ನೋವು.

‘ಆಟ’ ಎಂಬ ಪದ ತಾನೇ ಬಾಲವಾಗಿ ಇನ್ನೊಂದು ಧಾತುವಿಗೆ ಅಂಟುವುದನ್ನು ಗಮನಿಸಿ. ಒಂದು ಏಟು ಬಿದ್ದರೆ ಹೊಡೆತ. ಇಬ್ಬರೂ ಕೈ ಮಾಡಿದರೆ ಹೊಡೆದಾಟ. ಕಿತ್ತಾಟ, ಗುದ್ದಾಟ, ತಳ್ಳಾಟ ಎಲ್ಲಕ್ಕೂ ಇಬ್ಬರು ಬೇಕು. ಹುಡುಕಾಟ, ತಿಣುಕಾಟ, ಓಡಾಟಗಳಲ್ಲಿ ಒಬ್ಬನೇ ಇದ್ದರೂ ಕೆಲಸ ಮತ್ತೆ ಮತ್ತೆ ನಡೆಯುತ್ತದೆ. ಹೀಗಾಗಿ ಸುಳಿವಿನಲ್ಲಿ ‘ಪರಸ್ಪರ’, ‘ಪದೇಪದೇ’ ಎಂಬ ಪದ ಕಂಡರೆ ಕೊನೆಯ ಮನೆಯಲ್ಲಿ ‘ಟ’, ಅದರ ಹಿಂದಿನ ಮನೆಯ ಅಕ್ಷರಕ್ಕೆ ದೀರ್ಘ ‘ಆ’ ಎಂದು ಪೆನ್ಸಿಲಿನಲ್ಲಿ ಗುರುತು ಮಾಡಿಕೊಳ್ಳಿ.

‘ತ’ದ ವಿಷಯದಲ್ಲಿ ಒಂದು ಎಚ್ಚರಿಕೆ. ಸಂಸ್ಕೃತದಲ್ಲೂ ಒಂದು ‘ತ’ ಇದೆ: ಲಿಖಿತ, ರಚಿತ, ಪತಿತ. ಕನ್ನಡದ ‘ತ’ ಕೆಲಸವನ್ನು ಹೇಳುತ್ತದೆ, ಸಂಸ್ಕೃತದ ‘ತ’ ಕೆಲಸ ಆಗಿಹೋದುದನ್ನು ಹೇಳುತ್ತದೆ. ‘ಬರೆಯಲ್ಪಟ್ಟ’ ಎಂದು ಸುಳಿವಿದ್ದರೆ ಲಿಖಿತ. ‘ತುಳಿಯುವಿಕೆ’ ಎಂದಿದ್ದರೆ ತುಳಿತ. ಎರಡರಲ್ಲೂ ಕೊನೆಯ ಮನೆ ‘ತ’, ನಡುವಿನ ಮನೆಗೆ ಗುಡಿಸು. ಹೊರನೋಟಕ್ಕೆ ಅಣ್ಣತಮ್ಮಂದಿರಂತಿದ್ದರೂ ನೆಂಟಸ್ತಿಕೆ ಇಲ್ಲ.

ಇಲ್ಲಿ ಕಾಗುಣಿತದ ತಕರಾರೂ ಉಂಟು. ಗೆಲವು ಎಂದು ಬರೆಯುವವರಿದ್ದಾರೆ, ಗೆಲುವು ಎಂದು ಬರೆಯುವವರಿದ್ದಾರೆ. ತಿಳಿವಳಿಕೆ, ತಿಳುವಳಿಕೆ ಎರಡೂ ಅಚ್ಚಾಗುತ್ತವೆ. ಮನೆಗಳ ಸಂಖ್ಯೆ ಬದಲಾಗುವುದಿಲ್ಲ, ಒಳಗಿನ ಒಂದು ಮನೆಯ ಸ್ವರ ಬದಲಾಗುತ್ತದೆ. ಅಡ್ಡ ಹಾಯುವ ಪದ ಹೊಂದುತ್ತಿಲ್ಲ ಎಂದು ಸರಿಯಾದ ಉತ್ತರವನ್ನು ಅಳಿಸುವ ಮುನ್ನ ಇದನ್ನು ನೋಡಿ. ನಾನು ಎಷ್ಟೋ ಸಲ ಅಳಿಸಿ ಕೆಟ್ಟಿದ್ದೇನೆ.

ನಾಲ್ಕನೆಯದು: ಕೊನೆಯಿಂದ ಮೊದಲಕ್ಕೆ

ಈ ಹೆಜ್ಜೆಗೇ ಹೆಚ್ಚು ಸಮಯ ಕೊಡಿ. ಲಾಭವೆಲ್ಲ ಇಲ್ಲಿದೆ.

ಸಂಸ್ಕೃತದ ಕೆಲವು ಪ್ರತ್ಯಯಗಳು ಕೊನೆಗೆ ಅಂಟಿದೊಡನೆ ಪದದ ಮೊದಲ ಸ್ವರ ಹಿಗ್ಗುತ್ತದೆ. ವ್ಯಾಕರಣದಲ್ಲಿ ಇದಕ್ಕೆ ವೃದ್ಧಿ ಎಂದು ಹೆಸರು. ಅ ಹಿಗ್ಗಿದರೆ ಆ. ಇ, ಈ, ಏ ಹಿಗ್ಗಿದರೆ ಐ. ಉ, ಊ, ಓ ಹಿಗ್ಗಿದರೆ ಔ. ಋ ಹಿಗ್ಗಿದರೆ ಆರ್. ಹೀಗೆ ಹಿಗ್ಗಿಸುವ ಬಾಲಗಳು ಮುಖ್ಯವಾಗಿ ಐದು.

ಗುಣವನ್ನು ಹೇಳುವ ‘ಯ’: ಧೀರ ಧೈರ್ಯ, ಶೂರ ಶೌರ್ಯ, ಪಂಡಿತ ಪಾಂಡಿತ್ಯ, ಉದಾರ ಔದಾರ್ಯ, ಕೃಪಣ ಕಾರ್ಪಣ್ಯ. ಕೊನೆಯ ಮನೆಯಲ್ಲಿ ಯ ಒತ್ತು ಇರುವ ಅಕ್ಷರ ಕಂಡು ಸುಳಿವು ಗುಣವನ್ನು ಕೇಳುತ್ತಿದ್ದರೆ ಮೊದಲ ಮನೆಗೆ ಹಿಗ್ಗಿದ ಸ್ವರ ಎಂದು ಬಗೆಯಿರಿ.

ಸಂಬಂಧವನ್ನು ಹೇಳುವ ‘ಇಕ’: ದಿನ ದೈನಿಕ, ವರ್ಷ ವಾರ್ಷಿಕ, ಲೋಕ ಲೌಕಿಕ, ಪುರಾಣ ಪೌರಾಣಿಕ, ಇತಿಹಾಸ ಐತಿಹಾಸಿಕ. ಧನಿಕ, ರಸಿಕ, ಪಥಿಕ ಇವು ಹಿಗ್ಗದೆ ಉಳಿದವು. ಮೂರೂ ಮನುಷ್ಯರನ್ನು ಹೇಳುವ ಪದಗಳು ಎಂಬುದು ನೆನಪಿಗೆ ಅನುಕೂಲ.

ಉಳಿದ ಮೂರು ಸಂತಾನವನ್ನು ಹೇಳುವವು. ನಮ್ಮ ಪದಬಂಧಗಳು ರಾಮಾಯಣ ಮಹಾಭಾರತಗಳಿಲ್ಲದೆ ಒಂದು ವಾರವೂ ಬದುಕಲಾರವಾದ್ದರಿಂದ ಇವನ್ನು ಬಾಯಿಪಾಠ ಮಾಡಿದರೂ ನಷ್ಟವಿಲ್ಲ.

‘ಏಯ’ ಹೆಚ್ಚಾಗಿ ತಾಯಿಯ ಹೆಸರಿಗೆ ಅಂಟುತ್ತದೆ. ಕ್ಷತ್ರಿಯರು ತಂದೆಯ ಕುಲ ಹೇಳಿಕೊಂಡು ಮೆರೆಯುತ್ತಿದ್ದ ಕಥೆಗಳಲ್ಲಿ ತಾಯಂದಿರಿಗೆ ಒಂದು ಪ್ರತ್ಯಯವನ್ನಾದರೂ ಮೀಸಲಿಟ್ಟದ್ದು ನನಗೆ ಸಂತೋಷದ ವಿಷಯ. ಗಂಗೆಯ ಮಗ ಗಾಂಗೇಯ, ಕುಂತಿಯ ಮಗ ಕೌಂತೇಯ, ರಾಧೆ ಸಾಕಿದ ಮಗ ರಾಧೇಯ, ಅಂಜನೆಯ ಮಗ ಆಂಜನೇಯ, ಕೃತ್ತಿಕೆಯರ ಮಗ ಕಾರ್ತಿಕೇಯ. ಮೃಕಂಡುವಿನ ಮಗ ಮಾರ್ಕಂಡೇಯ, ಅತ್ರಿಯ ವಂಶದ ಆತ್ರೇಯ ಎಂದು ಅಪ್ಪನ ಹೆಸರಿಗೆ ಬರುವುದೂ ಉಂಟು, ಆದರೆ ಕಡಿಮೆ.

‘ಇ’ ಸಾಮಾನ್ಯವಾಗಿ ತಂದೆಯದು: ದಶರಥನ ಮಗ ದಾಶರಥಿ, ದ್ರೋಣನ ಮಗ ದ್ರೌಣಿ. ಸುಮಿತ್ರೆಯ ಮಗ ಸೌಮಿತ್ರಿ ಈ ನಿಯಮಕ್ಕೆ ಸೊಪ್ಪು ಹಾಕುವುದಿಲ್ಲ.

‘ಅ’ ಎಂಬ ಪ್ರತ್ಯಯ ಕಣ್ಣಿಗೆ ಕಾಣುವುದೇ ಇಲ್ಲ; ತಲಕಟ್ಟಿನಲ್ಲಿ ಅಡಗಿ ಕೂರುತ್ತದೆ. ಅದನ್ನು ಹಿಡಿಯಲು ಒಂದು ಉಪಾಯವಿದೆ. ಮೂಲ ಹೆಸರು ‘ಉ’ಕಾರದಲ್ಲಿ ಮುಗಿದಿದ್ದರೆ ಕೊನೆಯ ಮನೆಗೆ ‘ವ’ ಬರುತ್ತದೆ. ರಘು ರಾಘವ, ಪಾಂಡು ಪಾಂಡವ, ಕುರು ಕೌರವ, ಯದು ಯಾದವ, ಭೃಗು ಭಾರ್ಗವ, ಮನು ಮಾನವ, ದನು ದಾನವ. ಕುಲದ ಹೆಸರು ಕೇಳಿದ ಸುಳಿವಿಗೆ ಕೊನೆಯಲ್ಲಿ ‘ವ’ ಇದ್ದರೆ ಉಕಾರಾಂತ ಪೂರ್ವಜನನ್ನು ಹುಡುಕಿ.

ಹೆಣ್ಣುಮಕ್ಕಳಿಗೆ ಇದೇ ಹಿಗ್ಗಿನ ಮೇಲೆ ಗುಡಿಸು. ‘ಸೀತೆ (3)’ ಎಂದರೆ ಜನಕನ ಮಗಳು ಜಾನಕಿ, ವಿದೇಹದವಳು ವೈದೇಹಿ, ಮಿಥಿಲೆಯವಳು ಮೈಥಿಲಿ. ಮೂರೂ ಮೂರೇ ಮನೆ, ಮೂರೂ ಗುಡಿಸಿನಲ್ಲಿ ಮುಗಿಯುತ್ತವೆ. ನಡುವಿನ ಮನೆ ಸಿಗುವವರೆಗೆ ಪೆನ್ಸಿಲ್ ಕೆಳಗಿಡಿ.

ಇದೇ ವಿದ್ಯೆ ತಿರುಗುಮುರುಗಾಗಿಯೂ ನಡೆಯುತ್ತದೆ. ಅಡ್ಡ ಪದದಿಂದ ಮೊದಲ ಮನೆಗೆ ‘ಸೌ’ ಅಥವಾ ‘ಪೌ’ ಬಂದಿತು ಎನ್ನಿ. ಅಚ್ಚಗನ್ನಡ ಪದಗಳ ಮೊದಲಲ್ಲಿ ಐತ್ವ, ಔತ್ವ ಕಡಿಮೆ: ಕೈ, ಮೈ, ಐದು, ಹೌದು, ಔತಣ, ಅಡುಗೆಮನೆಯ ಸೌತೆ, ಹಿತ್ತಿಲ ಸೌದೆ, ಹೀಗೆ ಬೆರಳೆಣಿಕೆಯವು. ಇವನ್ನು ಪಕ್ಕಕ್ಕಿಟ್ಟರೆ ಉಳಿದದ್ದು ಸಂಸ್ಕೃತದ ಹಿಗ್ಗಿದ ಸ್ವರ. ಕೊನೆಯಲ್ಲಿ ಯ, ಇಕ, ಏಯ, ಇ, ಅ ಇವುಗಳಲ್ಲೊಂದು ಕಾದಿರುತ್ತದೆ.

ಐದನೆಯದು: ‘ನ’ವೋ ‘ಣ’ವೋ

ಸಂಸ್ಕೃತದ ‘ಅನ’ ಪ್ರತ್ಯಯ ಕೆಲವೊಮ್ಮೆ ‘ಅಣ’ ಆಗುತ್ತದೆ, ಆ ಒಂದು ಮನೆ ತಪ್ಪಿದರೆ ಅಡ್ಡ ಪದವೂ ಕೆಡುತ್ತದೆ. ನಿಯಮ ಸರಳ. ಪದದಲ್ಲಿ ಮೊದಲೇ ರ, ಷ, ಋ ಇವುಗಳಲ್ಲೊಂದು ಇದ್ದರೆ ‘ಣ’: ಸ್ಮರಣ, ಭೂಷಣ, ಗ್ರಹಣ, ತರ್ಪಣ, ಮುದ್ರಣ. ಇಲ್ಲದಿದ್ದರೆ ‘ನ’: ಗಮನ, ವಚನ, ಪಠನ. ನಡುವೆ ಚ, ಟ, ತ ವರ್ಗದ ಅಕ್ಷರವೋ ಲ, ಶ, ಸಗಳೋ ಬಂದು ನಿಂತರೆ ರಕಾರದ ಪ್ರಭಾವ ಮುಂದೆ ದಾಟುವುದಿಲ್ಲ: ದರ್ಶನ, ನರ್ತನ, ಗರ್ಜನೆ, ರಚನೆ, ಪ್ರಾರ್ಥನೆ. ಕನ್ನಡದಲ್ಲಿ ಬೇರೂರಿರುವ ‘ಪ್ರಕಟಣೆ’ ಮಾತ್ರ ಈ ಲೆಕ್ಕಕ್ಕೆ ಒಗ್ಗದು. ನಡುವೆ ‘ಟ’ ಇದ್ದರೂ ‘ಣೆ’ ಬರೆಯುತ್ತೇವೆ. ಬದಲಾವಣೆ, ಚಲಾವಣೆಗಳ ‘ಣೆ’ ಸಂಸ್ಕೃತದ ‘ಅನ’ವೇ ಅಲ್ಲ, ಆದ್ದರಿಂದ ಅಲ್ಲಿ ರಕಾರವನ್ನು ಹುಡುಕಬೇಡಿ.

ಮಕ್ಕಳೊಡನೆ ಪದಗಳ ಅಂತ್ಯಾಕ್ಷರಿ ಆಡುವವರಿಗೂ ಇದು ಉಪಯೋಗ. ಣ, ಳ ಅಕ್ಷರಗಳಿಂದ ಶುರುವಾಗುವ ಕನ್ನಡ ಪದ ಸಿಗುವುದಿಲ್ಲ. ಗ್ರಹಣ ಎಂದರೆ ಎದುರಾಳಿಯ ಬಾಯಿ ಕಟ್ಟಿತು. ಯಾವ ಪದಕ್ಕಾದರೂ ‘ಗಳು’ ಸೇರಿಸಿದರೂ ಅಷ್ಟೇ. ಅದಕ್ಕೇ ಆಟ ಶುರುವಾಗುವ ಮುನ್ನ ಬಹುವಚನ ನಡೆಯುತ್ತದೋ ಇಲ್ಲವೋ, ‘ಣ’ ಬಂದರೆ ‘ನ’ ಎಂದುಕೊಳ್ಳಬಹುದೋ ಎಂದು ಕರಾರು ಮಾಡಿಕೊಳ್ಳುವುದು ಒಳ್ಳೆಯದು. ನಮ್ಮ ಮನೆಯಲ್ಲಿ ಈ ಕರಾರಿಲ್ಲದೆ ಒಂದು ಸಂಜೆ ಮುನಿಸಿನಲ್ಲಿ ಮುಗಿದಿದೆ.

ಆರನೆಯದು: ನೀರಿನ ಲೆಕ್ಕ

ಕಮಲ, ಮೋಡ, ಸಮುದ್ರ. ಈ ಮೂರು ಸುಳಿವುಗಳಿಗೆ ಹೆದರಬೇಡಿ. ನೀರಿಗೆ ಸಂಸ್ಕೃತದಲ್ಲಿ ಎರಡಕ್ಷರದ ಐದು ಹೆಸರು ಹಿಡಿದುಕೊಳ್ಳಿ: ಜಲ, ವಾರಿ, ಅಂಬು, ನೀರ, ತೋಯ. ಮೂರು ಬಾಲ ಹಿಡಿದುಕೊಳ್ಳಿ: ಹುಟ್ಟಿದ್ದು ಎಂಬರ್ಥದ ‘ಜ’, ಕೊಡುವುದು ಎಂಬರ್ಥದ ‘ದ’, ಇಟ್ಟುಕೊಂಡದ್ದು ಎಂಬರ್ಥದ ‘ಧಿ’. ನೀರಿನಲ್ಲಿ ಹುಟ್ಟಿದ್ದು ಕಮಲ: ಜಲಜ, ವಾರಿಜ, ಅಂಬುಜ, ನೀರಜ, ತೋಯಜ. ನೀರು ಕೊಡುವುದು ಮೋಡ: ಜಲದ, ವಾರಿದ, ಅಂಬುದ, ನೀರದ, ತೋಯದ. ನೀರನ್ನು ಇಟ್ಟುಕೊಂಡದ್ದು ಕಡಲು: ಜಲಧಿ, ವಾರಿಧಿ, ಅಂಬುಧಿ, ನೀರಧಿ, ತೋಯಧಿ. ಎಂಟು ತುಣುಕಿಗೆ ಹದಿನೈದು ಪದ, ಎಲ್ಲವೂ ಮೂರು ಮನೆಯವು.

ಒಂದಕ್ಷರದ ಇಂಥ ಬಾಲಗಳಲ್ಲಿ ‘ಪ’ ತುಸು ತುಂಟ. ಕಾಪಾಡುವುದು, ಕುಡಿಯುವುದು ಎಂಬ ಎರಡು ಧಾತುಗಳಿಂದ ಬಂದು ಒಂದೇ ವೇಷ ಹಾಕಿದೆ. ಭೂಮಿಯನ್ನು ಕಾಯುವ ಭೂಪ, ಹಸು ಕಾಯುವ ಗೋಪ ಒಂದು ಕಡೆ. ಜೇನು ಕುಡಿಯುವ ಮಧುಪ, ಕಾಲಿನಿಂದ ಎಂದರೆ ಬೇರಿನಿಂದ ನೀರು ಕುಡಿಯುವ ಪಾದಪ, ಸೊಂಡಿಲಿನಲ್ಲೊಮ್ಮೆ ಬಾಯಲ್ಲೊಮ್ಮೆ ಕುಡಿಯುವ ದ್ವಿಪ ಇನ್ನೊಂದು ಕಡೆ: ದುಂಬಿ, ಮರ, ಆನೆ. ‘ಗ’ ಎಂದರೆ ಹೋಗುವುದು. ಆಕಾಶದಲ್ಲಿ ಹೋಗುವುದು ಖಗ, ಎದೆಯ ಮೇಲೆ ಹೋಗುವುದು ಉರಗ, ಎಲ್ಲಿಗೂ ಹೋಗದ್ದು ನಗ, ಅಂದರೆ ಬೆಟ್ಟ.

ಒಂದು ಮನೆಯಿಂದ ಅರ್ಥ ತಲೆಕೆಳಗಾಗುವ ಜೋಡಿಯೂ ಇಲ್ಲಿದೆ: ಉಪಕಾರವನ್ನು ಅರಿತವನು ಕೃತಜ್ಞ, ಅದನ್ನು ಕೊಂದವನು ಕೃತಘ್ನ.

ಏಳನೆಯದು: ದಾರ, ಕೋರ, ಖಾನೆ

1347ರಲ್ಲಿ ಬಹಮನಿ ರಾಜ್ಯ ಶುರುವಾಗಿ ಕಲಬುರಗಿ ಅದರ ರಾಜಧಾನಿಯಾಯಿತು, ವಿಜಯಪುರದ ಆದಿಲಶಾಹಿ 1686ರವರೆಗೆ ಆಳಿತು, ಟಿಪ್ಪುವಿನ ಕಾಲಕ್ಕೆ ಮೈಸೂರಿನ ದಫ್ತರಕ್ಕೂ ಪಾರಸಿ ಬಂತು. ಹೀಗೆ ಬಂದ ಮಾತುಗಳಲ್ಲಿ ಕೆಲವು ಅರಸರ ಜೊತೆಗೆ ಹೋದವು. ಅವುಗಳ ಬಾಲಗಳು ಮಾತ್ರ ಉಳಿದು ನಮ್ಮ ಪದಗಳಿಗೆ ಅಂಟಿಕೊಂಡವು. ‘ದಾರ’ ಎಂದರೆ ಹಿಡಿದವನು, ಉಳ್ಳವನು. ಅಮಲ್ದಾರರ ಕಾಲ ಮುಗಿದರೂ ಗುತ್ತಿಗೆದಾರ, ಬಾಡಿಗೆದಾರ ಇದ್ದಾರೆ. ‘ಮತದಾರ’ನಲ್ಲಿ ತಲೆ ಸಂಸ್ಕೃತ, ಬಾಲ ಪಾರಸಿ. ‘ಹೂಡಿಕೆದಾರ’ನಲ್ಲಿ ಹೂಡು ಎಂಬ ಕನ್ನಡ ಧಾತುವಿಗೆ ‘ಕೆ’ ಎಂಬ ಕನ್ನಡ ಬಾಲ, ಅದರ ಮೇಲೆ ಪಾರಸಿಯ ಬಾಲ.

‘ಕೋರ’ ಪಾರಸಿಯ ಖೋರ್, ಅಂದರೆ ತಿನ್ನುವವನು. ಲಂಚವನ್ನು ನಾವೂ ತಿನ್ನುತ್ತೇವೆ ಎಂದೇ ಹೇಳುವುದರಿಂದ ಲಂಚಕೋರ ನಮ್ಮಲ್ಲಿ ಸಲೀಸಾಗಿ ನೆಲೆಸಿದ. ಮುಂದೆ ದರೋಡೆಕೋರ, ದಾಳಿಕೋರ, ಬಂಡುಕೋರ, ಗಲಭೆಕೋರ, ಚಾಡಿಕೋರ ಎಂದು ಬಳಗ ಬೆಳೆಯಿತು. ಕೊನೆಯ ಎರಡು ಮನೆ ‘ಕೋರ’ ಎಂದಾದರೆ ಆಸಾಮಿ ಒಳ್ಳೆಯವನಲ್ಲ. ಆದರೆ ‘ಲಂಚ ತಿನ್ನುವವನು (4)’ ಎಂದಾಗ ಅವಸರ ಬೇಡ. ಕನ್ನಡದ ‘ಗುಳಿ’ ಅಂಟಿದ ಲಂಚಗುಳಿಗೂ ನಾಲ್ಕೇ ಮನೆ. ಮೊದಲೆರಡು ಬರೆದು ಕಾಯಬೇಕು.

‘ಖಾನೆ’ ಎಂದರೆ ಜಾಗ: ದವಾಖಾನೆ, ಕಸಾಯಿಖಾನೆ. ‘ನಾಮೆ’ ಎಂದರೆ ಬರಹ: ಕರಾರುನಾಮೆ, ಪಂಚನಾಮೆ. ‘ರಾಜೀನಾಮೆ’ ಮೂಲದಲ್ಲಿ ಒಪ್ಪಿಗೆಯ ಪತ್ರ. ನಮ್ಮಲ್ಲಿ ಕೆಲಸ ಬಿಡುವ ಪತ್ರವಾಗಿದೆ.

ಪಾರಸಿ ಬಾಲಗಳ ಪದಗಳಲ್ಲಿ ಮನೆಗಳ ಸಂಖ್ಯೆ ಹಿಗ್ಗುತ್ತದೆ, ಕುಗ್ಗುತ್ತದೆ. ಜಮೀನ್ದಾರನಿಗೆ ನಾಲ್ಕು ಮನೆ, ಜಮೀನುದಾರನಿಗೆ ಐದು. ಕಾರ್ಖಾನೆಗೆ ಮೂರು, ಕಾರಖಾನೆಗೆ ನಾಲ್ಕು. ಸಂಸ್ಕೃತದ ಪದಗಳಲ್ಲಿ ಈ ಸಡಿಲ ಇಲ್ಲ. ಆದ್ದರಿಂದ ಅರ್ಥ ಸರಿಹೊಂದಿ ಮನೆ ಒಂದು ಹೆಚ್ಚೋ ಕಡಿಮೆಯೋ ಆದರೆ, ಪದ ಎರವಲಿನದಾಗಿದ್ದರೆ ಅಕಾರವನ್ನೋ ಉಕಾರವನ್ನೋ ಸೇರಿಸಿ ಅಥವಾ ನುಂಗಿ ನೋಡಿ.

ಎಂಟನೆಯದು: ಮೋಸದ ಬಾಲಗಳು

ಒಂದೇ ರೂಪಕ್ಕೆ ಎರಡು ಮೂಲ ಇರುವುದನ್ನು ಸುಳಿವು ಬರೆಯುವವರು ಬೇಕೆಂದೇ ಬಳಸುತ್ತಾರೆ. ಗುಲಾಮಗಿರಿಯ ‘ಗಿರಿ’ ಪಾರಸಿಯದು, ಚಂದ್ರಗಿರಿಯ ‘ಗಿರಿ’ ಬೆಟ್ಟ. ಹೂದಾನಿ ಹೂವನ್ನು ಇಡುವ ಪಾತ್ರೆ, ನೇತ್ರದಾನಿ ಕಣ್ಣು ಕೊಡುವ ಮನುಷ್ಯ. ಬಳೆಗಾರನ ‘ಗಾರ’ ಸಂಸ್ಕೃತದ ‘ಕಾರ’ದಿಂದ ಬಂದದ್ದು, ಜಾದೂಗಾರನದು ಪಾರಸಿಯದು. ಆ ‘ಕಾರ’ವೇ ಇನ್ನೂ ಸವೆದು ಕುಂಭಕಾರ ಕುಂಬಾರನಾಗಿದ್ದಾನೆ, ಚರ್ಮಕಾರ ಚಮ್ಮಾರನಾಗಿದ್ದಾನೆ. ನಂಬಿಕೆಯ ‘ಕೆ’ ಕನ್ನಡದ್ದು, ಪತ್ರಿಕೆಯ ‘ಕೆ’ ಸಂಸ್ಕೃತದ ‘ಇಕಾ’. ಅದೇ ‘ಇಕಾ’ ಮಲ್ಲಿಕಾದಿಂದ ಮಲ್ಲಿಗೆಯಾಗಿ, ಘಟಿಕಾದಿಂದ ಗಳಿಗೆಯಾಗಿ, ಹೊಲಿಗೆಯ ಪಕ್ಕದಲ್ಲಿ ತಾನೂ ಹೊಲಿದವಳಂತೆ ಕೂತಿರುತ್ತದೆ.

ತದ್ಭವಗಳ ಈ ಸವಕಲು ಗೊತ್ತಿದ್ದರೆ ಮನೆ ಹೊಂದಿಸುವುದು ಸುಲಭ. ಶ್ರೀ ಸವೆದು ಸಿರಿ ಆಯಿತು, ಆದ್ದರಿಂದ ಮೂರು ಮನೆಗೆ ಶ್ರೀಮಂತ, ನಾಲ್ಕಕ್ಕೆ ಸಿರಿವಂತ. ಕಾವ್ಯ ಸವೆದು ಕಬ್ಬ ಆಯಿತು, ಅದಕ್ಕೆ ‘ಇಗ’ ಸೇರಿ ಕಬ್ಬಿಗ: ಕವಿಗೆ ಎರಡು ಮನೆ, ಕಬ್ಬಿಗನಿಗೆ ಮೂರು. ಇದರ ರುಚಿ ಹತ್ತಿದವರು 13ನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ದ ತದ್ಧಿತ ಪ್ರಕರಣ, ಅಪಭ್ರಂಶ ಪ್ರಕರಣಗಳನ್ನು ಒಮ್ಮೆ ತಿರುವಿಹಾಕಬಹುದು. ಮೊದಲನೆಯದರಲ್ಲಿ ಬಾಲಗಳ ವಿಚಾರ, ಎರಡನೆಯದರಲ್ಲಿ ಸವಕಲಿನ ವಿಚಾರ. ದಿನಬಳಕೆಗೆ 1894ರ ಕಿಟೆಲ್ ನಿಘಂಟು ಸಾಕು. ತದ್ಭವ ಎಲ್ಲಿಂದ ಬಂತು, ಎರವಲು ಯಾವ ಭಾಷೆಯದು ಎಂದು ಅದರಲ್ಲಿ ಗುರುತು ಹಾಕಿದ್ದಾರೆ.

ಕೈ ಪಳಗಿಸಲು

‘ಸೋಮಾರಿತನ (3)’, ನಡುವೆ ‘ಲ’. ಗುಣವಾಚಕ, ಕೊನೆಗೆ ಯ ಒತ್ತು ಎಂದುಕೊಳ್ಳಿ. ಮೊದಲ ಸ್ವರ ಹಿಗ್ಗಬೇಕು. ಅಲಸ ಹಿಗ್ಗಿ ಆಲಸ್ಯ.

‘ಗರುಡ (4)’, ಕೊನೆಗೆ ‘ಯ’. ತಾಯಿ ಯಾರು? ವಿನತೆ. ಇ ಹಿಗ್ಗಿ ಐ: ವೈನತೇಯ.

‘ಭೀಷ್ಮ (4)’, ಕೊನೆಗೆ ‘ವ’. ದೇವವ್ರತ ಹೊಂದುವುದಿಲ್ಲ. ‘ವ’ ಇದೆ ಎಂದರೆ ಉಕಾರಾಂತ ತಂದೆ. ಶಂತನುವಿನ ಮಗ ಶಾಂತನವ.

‘ಕನ್ನಡಿ (3)’, ಮೊದಲಲ್ಲಿ ‘ದ’. ದರ್ಪಣ, ರಕಾರ ಇದೆ, ನಡುವೆ ತಡೆಯುವವರು ಯಾರೂ ಇಲ್ಲ, ಆದ್ದರಿಂದ ಕೊನೆಗೆ ‘ಣ’.

‘ಪರಸ್ಪರ ಜಗ್ಗುವುದು (4)’. ‘ಪರಸ್ಪರ’ ಎಂದ ಕೂಡಲೇ ಕೊನೆಗೆ ‘ಟ’. ಜಗ್ಗಾಟಕ್ಕೆ ಮೂರೇ ಮನೆ, ಆದ್ದರಿಂದ ಎಳೆದಾಟ.

ಕೊನೆಯದು ‘ಅಷ್ಟಸಿದ್ಧಿಗಳಲ್ಲೊಂದು (3)’. ಒಂದಕ್ಷರವೂ ಸಿಕ್ಕಿಲ್ಲ. ಅಣಿಮಾ, ಮಹಿಮಾ, ಗರಿಮಾ, ಲಘಿಮಾ, ಈಶಿತ್ವ, ವಶಿತ್ವ, ಪ್ರಾಕಾಮ್ಯ ಇವೆಲ್ಲ ಮೂರು ಮನೆಯವು. ಎರಡು ಮನೆಯ ಪ್ರಾಪ್ತಿ ಮಾತ್ರ ಹೊರಗೆ. ಮೊದಲ ನಾಲ್ಕರ ಬಾಲ ಮಹಿಮೆ, ಗರಿಮೆಗಳಲ್ಲಿ ಕಾಣುವ ಸಂಸ್ಕೃತದ್ದು. ನಮ್ಮ ಹಿರಿಮೆ, ದುಡಿಮೆ, ಜಾಣ್ಮೆಗಳ ‘ಮೆ’ಗೂ ಅದಕ್ಕೂ ಹುಟ್ಟು ಬೇರೆ. ಏಳರಲ್ಲಿ ಆರಕ್ಕೆ ಎರಡನೆಯ ಅಕ್ಷರದ ಮೇಲೆ ಗುಡಿಸು ಇದೆ. ಹೀಗಾಗಿ ನಡುವಿನ ಮನೆಯಲ್ಲಿ ಪೆನ್ಸಿಲಿನಿಂದ ಒಂದು ಸಣ್ಣ ಗುಡಿಸನ್ನಷ್ಟೇ ಬರೆದು ಮುಂದಿನ ಸುಳಿವಿಗೆ ಹೋಗಬಹುದು. ನಮ್ಮ ಮನೆಯಲ್ಲಾದರೆ ಅಷ್ಟು ಹೊತ್ತಿಗೆ ಅತ್ತೆ ಅಲ್ಲಿ ‘ಅಣಿಮಾ’ ಎಂದು ಶಾಯಿಯಲ್ಲಿ ಬರೆದಿರುತ್ತಾರೆ.